ವಜ್ದಿಯನ್ನು ಖಾಲಿ ಹೊಟ್ಟೆಯಲ್ಲಿ ಕಳಿಸಿ

ಅತ್ತೇ,

ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಟಿದ್ದೇನೆ. ನೀವು ಏಳುವವರೆಗೆ ಕಾದಿದ್ದರೆ ಜಗಳವಾಗುತ್ತಿತ್ತು. ನಿಮ್ಮ ಬಿ.ಪಿ. ಗುಳಿಗೆ ಒಲೆಯ ಪಕ್ಕ ಇದೆ. ತುಪ್ಪದ ಡಬ್ಬಿ ಹುಡುಕಬೇಡಿ, ಸಿಗುವುದಿಲ್ಲ.

ಹುಟ್ಟಿದಾಗ ಮಾಡಿದ ರಕ್ತಪರೀಕ್ಷೆಯಲ್ಲಿ ಮಗುವಿಗೆ ಕೊಬ್ಬು ಹೆಚ್ಚೆಂದು ಬಂದಿತ್ತು. ಏಳನೇ ದಿನ ಬಂದವರಿಗೆಲ್ಲ ಬಾಣಂತಿಯರ ಪಾನೀಯ ಮುಘಾತ್ ಕುಡಿಸುತ್ತ, "ಇವಳು ಬಸುರೀಲಿ ಬಾಯಿ ಕಟ್ಲಿಲ್ಲ, ಅದಕ್ಕೇ ಕೂಸಿನ ರಕ್ತದಲ್ಲಿ ಇಷ್ಟು ಕೊಬ್ಬು" ಅಂದಿರಿ. ಅದೇ ಮುಘಾತ್ ಮೇಲೆ ಬೆರಳುದ್ದ ತುಪ್ಪ ತೇಲಿಸಿ ನನ್ನ ಕೈಗಿಟ್ಟವರೂ ನೀವೇ.

ನಿನ್ನೆ ನನ್ನ ರಕ್ತದ ವರದಿ ಬಂತು. ಕೊಬ್ಬು ಹೆಚ್ಚೇನಿಲ್ಲ. "ತಾಯೀದು ಸರಿಯಿದ್ದೂ ಮಗೂದು ಇಷ್ಟು ಏರಿದ್ರೆ ತಂದೆ ಕಡೆಯಿಂದ ಬಂದಿರಬಹುದಮ್ಮ, ಅವರನ್ನ ಕಳಿಸಿ" ಅಂದರು ಡಾಕ್ಟರು.

ಆದ್ದರಿಂದ ನಿಮ್ಮ ಮಗ ವಜ್ದಿ ಎದ್ದ ಕೂಡಲೇ ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಕಳಿಸಿ. ಬೆಣ್ಣೆ ಸುರಿಯುವ ಫತೀರ್ ರೊಟ್ಟಿ ಇವತ್ತು ಬೇಡ. ಅಮ್ಮನ ಮನಸ್ಸು ಕೇಳುವುದಿಲ್ಲ ಎನ್ನಬೇಡಿ, ನಾನೂ ಈಗ ಅಮ್ಮನೇ.

ಮಾವ ನಲವತ್ತಕ್ಕೇ ಎದೆ ಹಿಡಿದುಕೊಂಡು ಕುಸಿದಾಗ ಪಕ್ಕದ ಮನೆಯವಳ ಕಣ್ಣು ಬಿತ್ತು ಅಂದಿರಿ. ಮಗುವಿಗೆ ಹೀಗಾದಾಗ ನನ್ನ ನಾಲಿಗೆಯ ಚಪಲ ಅಂದಿರಿ. ನಾಳೆ ವಜ್ದಿಗೆ ಏನಾದರೂ ಆದರೆ ಯಾರ ಹೆಸರು ಹೇಳುತ್ತೀರಿ?

— ಇನ್ಶಿರಾಹ್