ಮಾವ ಆರಿಸಿದ ಹಾಡಿನ ಪೆಟ್ಟಿಗೆ

ರೀ,

ಚಪ್ಪಲಿ ಬಿಡುವ ಮೊದಲೇ ಇದನ್ನು ಓದಿ. ಮ್ಯೂಸಿಕ್ ಪ್ಲೇಯರ್ ಸಿಕ್ಕಿತು! ನೀವು ಹೇಳಿದ ದುಬಾರಿಯದ್ದಲ್ಲ. ಹಾಡು ತುಂಬಿಡಲು ಒಳಗೇ ಹಾರ್ಡ್ ಡಿಸ್ಕ್ ಇರುವ, ನಮ್ಮ ಕೈಗೆಟುಕುವಂಥದ್ದು. ಆರಿಸಿದ್ದು ನಾನಲ್ಲ, ನಿಮ್ಮ ಅಪ್ಪ.

ಜಯನಗರದ ಅಂಗಡಿಯಲ್ಲಿ ಮಾವ ಹಿಂದೆ ಹಾಡಿದ್ದ ಭಜನೆಯೊಂದನ್ನು ಪೆನ್‌ಡ್ರೈವಿನಿಂದ ಎರಡರಲ್ಲೂ ಹಾಕಿಸಲು ನೋಡಿದೆವು. ದುಬಾರಿಯದು ಫೋನು, ನೆಟ್ಟು, ಪಾಸ್‌ವರ್ಡ್ ಎಂದು ಕೇಳುತ್ತಲೇ ಇತ್ತು. ಇದರಲ್ಲಿ ಮಾವ ಒಂದೇ ಗುಂಡಿ ಒತ್ತಿದರು, ಅವರದೇ ದನಿ ಅಂಗಡಿ ತುಂಬ ಮೊಳಗಿತು! ಫ್ರಿಜ್ ನೋಡಲು ಬಂದಿದ್ದ ಆಂಟಿಯೊಬ್ಬರು, "ಯಾರ್ದ್ರೀ ಈ ವಾಯ್ಸು? ಸಖತ್ತಾಗಿದೆ!" ಎಂದರು. ಅತ್ತೆ ತೀರಿಕೊಂಡ ಮೇಲೆ ತಾಳವನ್ನೇ ಮುಟ್ಟದಿದ್ದ ಮಾವ, "ನಂದೇ ಕಣಮ್ಮ!" ಎಂದವರೇ ಕೌಂಟರ್ ತಟ್ಟುತ್ತಾ ಜೊತೆಗೆ ಹಾಡಿಬಿಟ್ಟರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಸಂಜೆ ಅಂಗಡಿಯವರು ಪ್ಲೇಯರ್ ತಂದುಕೊಡುತ್ತಾರೆ. ಅದನ್ನು ಟಿವಿ ಪಕ್ಕ ಇಡಬೇಡಿ, ಮಾವನ ಮಂಚದ ಹತ್ತಿರ ಇಡಿ. ನಿಮ್ಮ ಲ್ಯಾಪ್‌ಟಾಪಿನಲ್ಲಿರುವ ಭಜನೆಗಳನ್ನೆಲ್ಲ ಮೊದಲು ತುಂಬಿಸಿ. ನಿಮ್ಮ ಆ ಜಿಮ್ ಹಾಡುಗಳು ಆಮೇಲೆ, ತಿಳಿಯಿತಾ? ಹಾಲು ಜಾಸ್ತಿ ತನ್ನಿ, ಡಿಕಾಕ್ಷನ್ ಗಟ್ಟಿಯಾಗಿ ಹಾಕಿಡಿ. ನಡುಮನೆಯಲ್ಲಿ ಜಮಖಾನ ಹಾಸಿ.

ಯಾಕೆಂದರೆ ಮಾವ ತಮ್ಮ ಹಳೇ ಭಜನೆ ತಂಡದವರನ್ನು ಕರೆತರಲು ಈಗಲೇ ತಲಘಟ್ಟಪುರಕ್ಕೆ ಹೊರಟಿದ್ದಾರೆ. ನನ್ನನ್ನೂ ಬಿಡುತ್ತಿಲ್ಲ. ಬರೆಯುವುದಕ್ಕೂ ಪುರುಸೊತ್ತು ಕೊಡದೆ ಆಟೋದಿಂದಲೇ ಕೂಗುತ್ತಿದ್ದಾರೆ:

"ಬೇಗ ಬಾರಮ್ಮಾ! ಆ ಪೆಟ್ಟಿಗೇಲಿ ಇನ್ನೂ ಬೇಜಾನ್ ಜಾಗ ಐತಂತೆ. ಹೊಸ್‌ದಾಗಿ ಹಾಡ್‌ಬೇಕು!"

ಹೇಮಶ್ರೀ