ತಿಕ್ಕಿ ತೊಳೆದ ತೊರೆ

ಅಕ್ಕ,

ಬಂದು ಮೂರು ವಾರವಾಯಿತು. ನಿನ್ನೆಯವರೆಗೆ ಮೈ ನೆಟ್ಟಗಿತ್ತು, ಮಾನ ಸ್ವಲ್ಪ ಸೊಟ್ಟಗಿತ್ತು.

ಇಲ್ಲಿಯ ತೊರೆ ಬೆಟ್ಟದ ನೆತ್ತಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮೆಟ್ಟಿಲಿಗೊಂದು ಗುಂಡಿ, ಇಳಿದರೆ ಮೂಳೆಯವರೆಗೆ ಥಂಡಿ. ತೊರೆಯ ಅಧ್ಯಯನಕ್ಕಾಗಿ ಕಲ್ಲೆತ್ತಿ ಅದರಡಿಯ ಹುಳು ಎಣಿಸುವುದು ನನ್ನ ಕೆಲಸ. ಮೊದಲ ವಾರವೇ ಈ ಅಧ್ಯಯನ ನಡೆಸುವ ಮೇಡಂ ತಪಾಸಣೆಗೆ ಬರುತ್ತಾರೆಂದು ಗೊತ್ತಾಯಿತು. ನೆಂಟರು ಬರುವ ಮುಂಚೆ ನೀನು ನಮ್ಮಿಂದ ಅಂಗಳ ಉಜ್ಜಿಸುತ್ತಿದ್ದೆಯಲ್ಲ, ಅದೇ ಶಿಸ್ತಿನಲ್ಲಿ ಮೂರನೇ ಗುಂಡಿಯ ಕಲ್ಲುಗಳನ್ನೆಲ್ಲ ಬ್ರಷ್ಷಿನಿಂದ ತಿಕ್ಕಿ ಫಳಫಳ ಮಾಡಿಟ್ಟೆ.

ಮೇಡಂ ಕಲ್ಲು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಪಾಚಿ ಎಲ್ರೀ?"

"ಒಂದು ಚೂರೂ ಬಿಟ್ಟಿಲ್ಲ ಮೇಡಂ," ಎಂದೆ, ಶಹಭಾಸ್‌ಗಿರಿಗೆ ಕಾಯುತ್ತಾ.

"ಹುಳುಗಳ ಊಟ ಅದೇ ಕಣ್ರೀ. ಹುಳು ಇಲ್ಲ ಅಂದ್ರೆ ಮೀನೂ ಇಲ್ಲ. ಪಾತ್ರೆ ತೊಳೀತೀನಿ ಅಂತ ಅಡುಗೇನೇ ಚೆಲ್ಲಿಬಿಟ್ರಲ್ಲ."

ಗಂಟುಮೂಟೆ ಕಟ್ಟುವುದೊಂದೇ ಬಾಕಿ ಅಂದುಕೊಂಡೆ. ಅವರು ಒಂದು ಕಲ್ಲೆತ್ತಿ ಸವರಿ ನೋಡಿ, "ಬೋಳು ಕಲ್ಲಿಗೆ ಪಾಚಿ ಬರೋಕೆ ಎಷ್ಟು ದಿನ ಬೇಕು ಅಂತ ನೋಡೇಬಿಡೋಣ. ದಿನಾ ಮುಟ್ಟಿ ನೋಡಿ ಬರೀರಿ. ತಿಂಗಳೊಳಗೆ ಬಂದ್ರೆ ನೀವಿರಿ, ಬರದಿದ್ರೆ ಊರಿಗೆ ಹೊರಡಿ," ಎಂದರು.

ಅಂದಿನಿಂದ ಬೆಳಗೆದ್ದು ಕಲ್ಲು ಸವರುವುದೇ ನನ್ನ ಪಾಡು. ಕಲ್ಲೋ ನನ್ನ ತಲೆಯಂತೆ ಬರೀ ಬೋಳು.

ಇವತ್ತು ಆ ಗುಂಡಿಗೆ ಕಾಲಿಟ್ಟವನು ಜರ್ರನೆ ಜಾರಿ ದೊಪ್ಪನೆ ಬಿದ್ದೆ. ಬಿದ್ದಲ್ಲೇ ಕೂತು ಕಲ್ಲು ಸವರಿದರೆ ಕೈಗೆಲ್ಲ ಹಸಿರು ಲೋಳೆ; ಮನಸಾರೆ ನಕ್ಕೆ. ನೋವಿನೆಣ್ಣೆ ಕಳಿಸು, ಸೊಂಟ ಹಿಡಿದಿದೆ. ಆದರೆ ನನ್ನ ಕೆಲಸ ಉಳಿಯಿತು.

ಕಾಗದದಲ್ಲಿ ಜಾಗ ಮುಗಿಯಿತು,
ನಿನ್ನ ತಮ್ಮ