ಫೆಬ್ರವರಿ ಹತ್ತೊಂಬತ್ತಿಲ್ಲದ ಊರು

೧೯೭೦, ಫೆಬ್ರವರಿ ೧೭
ಹಳೇ ಚಿನ್ನದ ಗಣಿ, ಒಂಬತ್ತನೇ ಲೆವೆಲ್, ಕೋಲಾರದ ಸೀಮೆ

ಗಡಿಯಾರದ ಪ್ರೋಗ್ರಾಂ ಬರೆದ ಮಹಾಶಯರಿಗೆ,

ತಾರೀಖು ನೋಡಿ ನಗಬೇಡಿ. ನೀವು ಸತ್ತು ಇನ್ನೂರು ವರ್ಷದ ಮೇಲಾಗಿದೆ. ಆದರೂ ನಮ್ಮ ಯಂತ್ರಕ್ಕೆ ಸದಾ ೧೯೭೦ನೇ ಇಸವಿಯೇ. ಏಳು ವಾರಕ್ಕೊಮ್ಮೆ ನನಗೆ ಹುಟ್ಟುಹಬ್ಬ ಬರುತ್ತದೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಿಮ್ಮ ಕಾಲದ ಕನ್ನಡವನ್ನು ಹಳೇ ಕಾಗದಗಳಿಂದ ಕಲಿತವಳು ನಾನು. ಸಿಟ್ಟು ಮಾತ್ರ ನನ್ನ ಸ್ವಂತದ್ದು.

ಮೇಲಿನ ಬಿಸಿಲು ಈಗ ಮನುಷ್ಯರು ತಾಳುವಂಥದ್ದಲ್ಲ. ಹಾಗಾಗಿ ನಾವು ನಾನೂರು ಜನ ಗಣಿಯೊಳಗೆ ಬದುಕುತ್ತೇವೆ. ಗಾಳಿ ತಳ್ಳುವ ಫ್ಯಾನುಗಳನ್ನು ನಡೆಸುವುದು ನಿಮ್ಮ ಕಾಲದ ಒಂದು ಕಂಪ್ಯೂಟರು. ಆನ್ ಆದ ಗಳಿಗೆಯನ್ನು ಪ್ರತಿ ಸಲವೂ ೧೯೭೦ರ ಜನವರಿ ಒಂದೆಂದೇ ಹಿಡಿದು, ಅಲ್ಲಿಂದ ಅದು ಸೆಕೆಂಡಿಗೆ ಸಾವಿರದಂತೆ ಎಣಿಸುತ್ತಾ ಹೋಗುತ್ತದೆ. ನಲವತ್ತೊಂಬತ್ತು ದಿನ ಹದಿನೇಳು ಗಂಟೆಗೆ ಎಣಿಕೆಗೆ ಕೊಟ್ಟ ಜಾಗ ತುಂಬಿ, ಲೆಕ್ಕ ಮತ್ತೆ ಸೊನ್ನೆಗೆ ಬರುತ್ತದೆ. ಇಂತಿಷ್ಟು ಎಣಿಕೆಯಾದಾಗ ಫ್ಯಾನು ತಿರುಗಿಸಬೇಕೆಂದು ಕಾಯುತ್ತಿದ್ದ ಯಂತ್ರ, ಆ ಗಳಿಗೆ ಇನ್ನೂ ಬಂದಿಲ್ಲವೆಂದು ತೆಪ್ಪಗೆ ಕೂರುತ್ತದೆ. ನಮ್ಮಜ್ಜಿಯ ಕಾಲದಲ್ಲಿ ಒಮ್ಮೆ ಫೆಬ್ರವರಿ ಹತ್ತೊಂಬತ್ತು ಬಂತು. ಅರವತ್ತೆರಡು ಜನ ಉಸಿರುಗಟ್ಟಿ ಸತ್ತರು.

ಅಂದಿನಿಂದ ಆ ತಾರೀಖನ್ನು ನಾವು ಬರಗೊಡುವುದಿಲ್ಲ. ಹದಿನೆಂಟರಂದೇ ಯಂತ್ರ ಆರಿಸಿ ಮತ್ತೆ ಚಾಲೂ ಮಾಡುತ್ತೇವೆ. ಅದಕ್ಕೆ ‘ಕೈಗಾಳಿ’ ಎನ್ನುತ್ತೇವೆ. ಯಂತ್ರ ಮತ್ತೆ ಏಳುವವರೆಗೆ, ಐದು ಗಂಟೆ ಕಾಲ, ಮನೆಗೊಬ್ಬರು ದೊಡ್ಡ ಚಕ್ರ ತಿರುಗಿಸಿ ಗಾಳಿ ಎಳೆಯಬೇಕು. ಮಕ್ಕಳಿಗೆ ಬೆಲ್ಲ ಹಂಚಿ ಹಬ್ಬವೆಂದು ನಂಬಿಸಿದ್ದೇವೆ. ನಮ್ಮ ಮನೆಯಲ್ಲಿ ಇಬ್ಬರೇ. ಯಂತ್ರದ ಕೆಲಸ ಬಲ್ಲವಳು ಊರಿಗೆಲ್ಲ ನಾನೊಬ್ಬಳೇ ಆದ್ದರಿಂದ ಚಕ್ರಕ್ಕೆ ಹೋಗುವವಳು ತಂಗಿ ಚೌಡಿ. ಹೋದ ಸಲ ಕೆಮ್ಮಿದಾಗ ಅವಳ ಬಾಯಿಂದ ರಕ್ತ ಬಿತ್ತು. “ಏನಾಗಿಲ್ಲ ಬಿಡಕ್ಕಾ, ಇನ್ನೊಂದು ಸುತ್ತು ನಾನೇ ತಿರುಗಿಸ್ತೀನಿ” ಅಂದಳು. ಇನ್ನೊಮ್ಮೆ ಚಕ್ರ ಹಿಡಿದರೆ ಅವಳು ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಬದಲಿ ಕೊಡುವಷ್ಟು ಗಟ್ಟಿ ಜೀವ ಯಾವ ಮನೆಯಲ್ಲೂ ಉಳಿದಿಲ್ಲ.

ಮೊನ್ನೆ ನಿಮ್ಮ ಪ್ರೋಗ್ರಾಮಿನ ಅಚ್ಚಾದ ಹಾಳೆಗಳು ಸಿಕ್ಕವು. ತಪ್ಪಿನ ಸಾಲಿನ ಪಕ್ಕದಲ್ಲೇ ನಿಮ್ಮ ಟಿಪ್ಪಣಿಯಿತ್ತು: “ಐವತ್ತು ದಿನ ಯಾರೂ ಆರಿಸದೆ ಇಡಲ್ಲ. ಸದ್ಯಕ್ಕೆ ಹೀಗೇ ಇರಲಿ.” ಗೊತ್ತಿತ್ತು ನಿಮಗೆ! ಗೊತ್ತಿಲ್ಲದೆ ಮಾಡಿದ್ದರೆ ಹಾಳಾಗಿ ಹೋಗಲಿ ಎಂದು ಬಿಡುತ್ತಿದ್ದೆ. ಯಾವ ಸಂಖ್ಯೆ ದೊಡ್ಡದು ಎಂದು ಹೋಲಿಸುವ ಬದಲು ಒಂದರಿಂದ ಇನ್ನೊಂದನ್ನು ಕಳೆದು ನೋಡಿದ್ದರೆ ಸಾಕಿತ್ತು. ಒಂದೇ ಸಾಲು. ಕಾಫಿ ಆರುವಷ್ಟರಲ್ಲಿ ಮುಗಿಯುವ ಕೆಲಸ. ಅಷ್ಟಕ್ಕೂ ಮೈ ಬಗ್ಗಲಿಲ್ಲವಲ್ಲ ನಿಮಗೆ! ಅದೀಗ ಚಿಪ್‌ನೊಳಗೆ ಭದ್ರವಾಗಿ ಕೂತಿದೆ. ತಿದ್ದುವ ಸಾಧನ ನಮ್ಮಲ್ಲಿ ಯಾರ ಬಳಿಯೂ ಇಲ್ಲ.

ಆ ಸಾಲು ತಿದ್ದಿ. ಈಗಲೇ, ಎದ್ದು ಹೋಗುವ ಮೊದಲೇ ತಿದ್ದಿ. ನೀವು ತಿದ್ದಿದರೆ ಕೈಗಾಳಿ ಎಂಬುದೇ ಇರುವುದಿಲ್ಲ, ಈ ಪತ್ರ ಇರುವುದಿಲ್ಲ, ನಿಮ್ಮ ಮೇಲೆ ನನಗೆ ಸಿಟ್ಟೂ ಇರುವುದಿಲ್ಲ ಎಂದುಕೊಂಡೇ ಬರೆಯಲು ಕೂತೆ.

ಪತ್ರ ಮುಗಿಯಿತು. ಸಿಟ್ಟು ಹಾಗೇ ಇದೆ. ಬಾಗಿಲ ಬಳಿ ಚೌಡಿ ನಾಳೆಗೆಂದು ಅಂಗೈಗೆ ಬಟ್ಟೆ ಸುತ್ತಿ ನೋಡಿಕೊಳ್ಳುತ್ತಿದ್ದಾಳೆ.

ಮುನಿಲಕ್ಷ್ಮಿ